ನಾಲ್ಕು ಚಕ್ರಗಳ ಹಾಜರಿ

ಭೋಜ ಮಾಸ್ಟ್ರು: ಆಗುವುದಿಲ್ಲ ಅಂದ್ರೆ ಆಗುವುದಿಲ್ಲ. ಸುಳ್ಳು ಹೇಳುವ ಕಾರಿನಲ್ಲಿ ನಾನು ಧರ್ಮಸ್ಥಳಕ್ಕೆ ಹೋಗುವುದಿಲ್ಲ.

ರಾಫಿಯಾ: ಕಾರು ಸುಳ್ಳು ಹೇಳುವುದಲ್ಲ ಮಾಸ್ಟ್ರೇ. ನಾವು ಕಾರಿಗೆ ಹೇಳುವುದು.

ಭೋಜ ಮಾಸ್ಟ್ರು: ಅದು ಇನ್ನೂ ದೊಡ್ಡ ತಪ್ಪು!

ಗುರುವಾಯನಕೆರೆಯ ಅಂಗಡಿ ಸಾಲು ಮುಗಿಯುವಲ್ಲಿ ಆ ಗ್ಯಾರೇಜು. ಮಾಸ್ಟ್ರು ಮಾತಾಡುತ್ತಿದ್ದದ್ದು ಒಂದು ಜೊತೆ ಚಪ್ಪಲಿಯ ಹತ್ತಿರ. ರಾಫಿಯಾಳ ಉಳಿದ ಭಾಗವೆಲ್ಲ ಕಾರಿನ ಅಡಿಯಲ್ಲಿತ್ತು. ಅಣ್ಣ ಹಾರಿಸ್ ಶಾರ್ಜಾಕ್ಕೆ ಹೋಗುವಾಗ ಬೀಗದ ಕೈ ತಂಗಿಗೆ ಕೊಟ್ಟು ಹೋಗಿದ್ದ. ಅಂದಿನಿಂದ ಗಾಡಿ ತಂದವರೆಲ್ಲ ಬಾಗಿಲಲ್ಲೇ ನಿಂತು "ಹಾರಿಸ್ ಯಾವಾಗ ಬರ್ತಾನೆ?" ಎಂದು ಕೇಳಿ ಗಾಡಿ ತಿರುಗಿಸುತ್ತಿದ್ದರು. ಕಾರು ಬಿಟ್ಟು ಹೋದವರು ಭೋಜ ಮಾಸ್ಟ್ರು ಒಬ್ಬರೇ. ಹಾಗಾಗಿ ಈ ಕಾರು ತನ್ನ ಚಕ್ರದ ಮೇಲೆ ತಾನೇ ಉರುಳಿ ಗೇಟು ದಾಟುವುದು ರಾಫಿಯಾಳಿಗೆ ಪರೀಕ್ಷೆಯ ಫಲಿತಾಂಶ ಇದ್ದ ಹಾಗೆ. ಊರಿಡೀ ಓದುವ ಫಲಿತಾಂಶ.

ಕಾರೂ ಸಾಮಾನ್ಯದ್ದಲ್ಲ. ಹೊರಗಿನಿಂದ ಮಾಸ್ಟ್ರ ತಂದೆಯ ಕಾಲದ ಅಂಬಾಸಿಡರ್, ಕೆನೆಯ ಬಣ್ಣ, ಗುಂಡು ಗುಂಡು ಮೈ. ಒಳಗೆ, ಅಪಘಾತದಲ್ಲಿ ಮೈ ಜಜ್ಜಿ ಗುಜರಿ ಸೇರಿದ್ದ ಒಂದು ಜರ್ಮನ್ ಕಾರಿನ ಎಂಜಿನು, ಚಕ್ರ, ಕಂಪ್ಯೂಟರು. ಆ ಕಾರಿನ ನಾಲ್ಕು ಶಾಕ್ ಅಬ್ಸಾರ್ಬರುಗಳು ಕರೆಂಟಿನವು. ಸೆನ್ಸರು ರಸ್ತೆ ನೋಡಿ ಹೇಳಿದ ಹಾಗೆ ತಾವೇ ಬಿಗಿಯಾಗಿ ತಾವೇ ಮೆದುವಾಗುವಂಥವು. ಅವು ಸೋರತೊಡಗಿದಾಗ ರಾಫಿಯಾ ನಾಲ್ಕನ್ನೂ ಕಿತ್ತು, ಪಿಕಪ್ ಗಾಡಿಯ ಸಾದಾ ಸ್ಪ್ರಿಂಗು, ಸಾದಾ ಶಾಕು ಕೂರಿಸಿದ್ದಳು. ಚಕ್ರಗಳು ಒಪ್ಪಿಕೊಂಡವು. ಕಂಪ್ಯೂಟರು ಒಪ್ಪಲಿಲ್ಲ. ಕೀ ತಿರುಗಿಸಿದ ಕೂಡಲೇ ಟಿಂಗ್ ಎಂದು ಬಡಿದು, ಕೆಂಪು ದೀಪ ತೋರಿಸಿ, ಗಂಟೆಗೆ ಹತ್ತು ಕಿಲೋಮೀಟರಿನ ಮೇಲೆ ವೇಗ ಏರಲು ಬಿಡುತ್ತಿರಲಿಲ್ಲ.

ರಾಫಿಯಾ ಜಾರಿಕೊಂಡು ಹೊರಗೆ ಬಂದಳು.

ರಾಫಿಯಾ: ಮಾಸ್ಟ್ರೇ, ಒಳಗಿನ ಕಂಪ್ಯೂಟರು ಒಬ್ಬರು ಮಾಸ್ಟ್ರು ಅಂತ ಇಟ್ಟುಕೊಳ್ಳಿ.

ಭೋಜ ಮಾಸ್ಟ್ರು: ಇಟ್ಟುಕೊಂಡೆ.

ರಾಫಿಯಾ: ಕೀ ತಿರುಗಿಸಿದ ಕೂಡ್ಲೇ ಅವರು ನಾಲ್ಕು ಚಕ್ರದ ಹಾಜರಿ ಕರೀತಾರೆ.

ಭೋಜ ಮಾಸ್ಟ್ರು: ಕರೀಬೇಕು. ಒಳ್ಳೆ ಮಾಸ್ಟ್ರು.

ರಾಫಿಯಾ: ಆದ್ರೆ ಆ ನಾಲ್ಕು ಮಕ್ಕಳು ಟೀಸಿ ತಗೊಂಡು ಹೋಗಿ ಆಯ್ತು. ಅವರ ಜಾಗದಲ್ಲಿ ಬೇರೆ ನಾಲ್ಕು ಮಂದಿ ಕೂತಿದ್ದಾರೆ. ಗಟ್ಟಿಮುಟ್ಟು ಉಂಟು, ಬಾಯಿ ಬರುವುದಿಲ್ಲ. ಹಾಗೆ ನಾನು ಒಂದೊಂದು ವಯರಿನ ತುದಿಗೆ ಸಣ್ಣ ರೆಸಿಸ್ಟರ್ ಬೆಸುಗೆ ಹಾಕ್ತೇನೆ. ಹೆಸರು ಕರೆದ ಕೂಡ್ಲೇ ಅದು ಆ ಮಕ್ಕಳ ಪರವಾಗಿ "ಬಂದಿದ್ದೇನೆ ಸಾರ್" ಅಂತ ಹೇಳಿಬಿಡ್ತದೆ.

ಹೇಳಿ ಮುಗಿಸುವಾಗಲೇ, ಯಾರ ಎದುರು ಏನು ಹೇಳಿದೆ ಎಂಬುದು ಅವಳಿಗೆ ಹೊಳೆಯಿತು. ಮೂವತ್ತೊಂದು ವರ್ಷ ಪಾಠ ಹೇಳಿದ ಮನುಷ್ಯ. ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯರು.

ಭೋಜ ಮಾಸ್ಟ್ರು: ಇನ್ನೊಬ್ಬರ ಹಾಜರಿ! ಅದೂ ನಾಲ್ಕು ನಾಲ್ಕು!

ರಾಫಿಯಾ: ಉದಾಹರಣೆ ಮಾಸ್ಟ್ರೇ, ಉದಾಹರಣೆಗೆ ಹೇಳಿದ್ದು.

ಭೋಜ ಮಾಸ್ಟ್ರು: ಏಳನೇ ಕ್ಲಾಸಿನಲ್ಲಿ ಶಬ್ನಾನ ಹಾಜರಿ ಹೇಳಿದ್ದು ಯಾರು?

ರಾಫಿಯಾ: ಅವಳು ಬರ್ತಾ ಇದ್ದಳು. ಬಸ್ಸು ತಡ ಆಗಿತ್ತು.

ಭೋಜ ಮಾಸ್ಟ್ರು: ಬಂದದ್ದು ಯಾವಾಗ?

ರಾಫಿಯಾ: ಮರುದಿನ.

ಮಾಸ್ಟ್ರು ಬಗ್ಗಿ ಚಕ್ರದ ಹಿಂದೆ ಇಣುಕಿದರು. ಅಲ್ಲಿ ಬೆರಳುದ್ದದ ಒಂದು ಕೈ ಮೇಲೆ ಕೆಳಗೆ ಆಡುತ್ತಿತ್ತು.

ಭೋಜ ಮಾಸ್ಟ್ರು: ಇದು ಯಾರು?

ರಾಫಿಯಾ: ಕಾರು ಎಷ್ಟು ಎತ್ತರದಲ್ಲಿ ಉಂಟು ಅಂತ ನೋಡುವ ಸೆನ್ಸರು. ಅದರ ಕೈಯನ್ನು ನಡುವಿನಲ್ಲಿ ಪಟ್ಟಿ ಹಾಕಿ ಬಿಗೀತೇನೆ. ಮತ್ತೆ ಆರು ಜನ ಕೂತ್ರೂ, ಯಾವ ಹೊಂಡಕ್ಕೆ ಇಳಿದ್ರೂ, ಎಲ್ಲ ಸಮ ಉಂಟು ಅಂತಲೇ ಹೇಳ್ತದೆ.

ಭೋಜ ಮಾಸ್ಟ್ರು: ಹೊಂಡ ಇದ್ರೂ ಸಮ ಉಂಟು ಅಂತಲಾ? ಹಾಗಾದ್ರೆ ಅದು ಸೆನ್ಸರಲ್ಲ, ರೋಡ್ ಕಂಟ್ರಾಕ್ಟರ್!

ರಾಫಿಯಾ: ಮಾಸ್ಟ್ರೇ, ನಿಜವಾದ ಸ್ಪ್ರಿಂಗು ನಿಜವಾಗಿ ಕೆಲಸ ಮಾಡ್ತದೆ. ನಾನು ಜಗ್ಗಿ ನೋಡಿದ್ದೇನೆ, ಭಾರ ಹಾಕಿ ಓಡಿಸಿ ನೋಡಿದ್ದೇನೆ. ಸುಮ್ಮನಾಗಬೇಕಾದದ್ದು ಕಂಪ್ಯೂಟರು ಮಾತ್ರ.

ಭೋಜ ಮಾಸ್ಟ್ರು: ಬೇರೆ ಯಾವ ಊರಿಗಾದ್ರೂ ಆಗ್ತಿತ್ತು. ಕಾರು ಎದ್ದು ನಿಂತ್ರೆ ಮೊದಲ ಪ್ರಯಾಣ ಅಲ್ಲಿಗೆ ಅಂತ ಹರಕೆ ಹೇಳಿಕೊಂಡಿದ್ದೇನೆ. ಜನ ಆಣೆ ಹಾಕ್ಲಿಕ್ಕೆ ಹೋಗುವ ಜಾಗ ಅದು. ಅಲ್ಲಿಗೆ ನಾಲ್ಕು ಕಳ್ಳ ಹಾಜರಿ ಇಟ್ಟುಕೊಂಡು ಹೋಗುವುದಾ? ಬೇಡ. ಇದ್ದ ಹಾಗೆಯೇ ಹೋಗುವ.

ಮಾಸ್ಟ್ರು ಹತ್ತಿ ಕೂತು ಕೀ ತಿರುಗಿಸಿದರು. ಟಿಂಗ್. ಕಂಪ್ಯೂಟರಿನ ಒಳಗಿನಿಂದ ಒಬ್ಬಳು ಹೆಂಗಸು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, ದಯವಿಟ್ಟು ಗಾಡಿ ನಿಲ್ಲಿಸಿ ಎಂದಳು. ಮಾಸ್ಟ್ರು ನಿಲ್ಲಿಸಲಿಲ್ಲ. ಕಾರು ಗೇಟು ದಾಟಿ, ಕೆನೆಯ ಬಣ್ಣಕ್ಕೆ ಬಿಸಿಲು ಹಚ್ಚಿಕೊಂಡು, ಮದುಮಗಳು ನಡೆದ ಹಾಗೆ ಹೆಜ್ಜೆ ಹೆಜ್ಜೆಗೂ ತಡೆದು ಹೋಯಿತು. ರಾಫಿಯಾ ಪಕ್ಕದಲ್ಲೇ ನಡೆದಳು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರು ಏನೋ ಕೂಗಿದ. ಬಾಳೆಗೊನೆ ಹೊತ್ತು ಪೇಟೆಗೆ ನಡೆದಿದ್ದ ಕೂಸಪ್ಪ ಕಾರನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಎಂದು ನಿಂತು ಕಾದ.

ಮಾಸ್ಟ್ರು ಕಾರು ತಿರುಗಿಸಿ ತಂದರು.

ರಾಫಿಯಾ: ಧರ್ಮಸ್ಥಳಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರ್ ಉಂಟು ಮಾಸ್ಟ್ರೇ. ಈ ಲೆಕ್ಕದಲ್ಲಿ ಎರಡು ಗಂಟೆ. ದಾರಿಯುದ್ದಕ್ಕೂ ಟಿಂಗ್.

ಭೋಜ ಮಾಸ್ಟ್ರು: ಸತ್ಯದ ದಾರಿ ನಿಧಾನ.

ರಾಫಿಯಾ: ಪಕ್ಕದಲ್ಲಿ ಅಕ್ಕ ಕೂತಿರ್ತಾರೆ. ಈ ಟಿಂಗ್ ಎಂತದು ಅಂತ ಕೇಳಿದ್ರೆ?

ಹೆಂಡತಿಯ ಮಾತು ಬಂದದ್ದೇ ಮಾಸ್ಟ್ರ ಮುಖದ ರಂಗು ಇಳಿಯಿತು.

ರಾಫಿಯಾ: ಅಕ್ಕನಿಗೆ ಗೊತ್ತುಂಟಲ್ಲ? ಒಳಗೆ ಎಲ್ಲ ಬದಲಿಸಿದ್ದು?

ಭೋಜ ಮಾಸ್ಟ್ರು: ಬಣ್ಣ ಹಾಕ್ಲಿಕ್ಕೆ ಕೊಟ್ಟದ್ದು ಅಂತ ಹೇಳಿದ್ದೇನೆ.

ರಾಫಿಯಾ: ಎಂಟು ತಿಂಗಳು?

ಭೋಜ ಮಾಸ್ಟ್ರು: ಎರಡು ಕೋಟು ಅಂತ ಹೇಳಿದ್ದೇನೆ.

ರಾಫಿಯಾ: ಎರಡು ಕೋಟು ಬಣ್ಣಕ್ಕೆ ಎಂಟು ತಿಂಗಳಾ ಮಾಸ್ಟ್ರೇ!

ಭೋಜ ಮಾಸ್ಟ್ರು: ನಡುವೆ ಮಳೆಗಾಲ ಬಂತಲ್ಲ. ಒಣಗ್ಲಿಲ್ಲ ಅಂತ ಹೇಳಿದೆ.

ರಾಫಿಯಾ ನಗಲಿಲ್ಲ. ನಗು ಬಂದದ್ದನ್ನು ಎಣ್ಣೆಬಟ್ಟೆಯಲ್ಲಿ ಒರಸಿಕೊಂಡಳು.

ರಾಫಿಯಾ: ಹಾಗಾದ್ರೆ ಕಾರಿನ ಸುಳ್ಳು ಇಲ್ಲೇ ಬಿಟ್ಟು ಹೋದ್ರೂ, ಡ್ರೈವರ್ ಸೀಟಿನಲ್ಲಿ ಒಂದು ಕೂತುಕೊಂಡೇ ಹೋಗ್ತದೆ.

ಮಾಸ್ಟ್ರು ಕೀ ತೆಗೆದು ಕಿಸೆಗೆ ಹಾಕಿಕೊಂಡರು. ಅಷ್ಟರಲ್ಲಿ ಗೇಟಿನ ಹತ್ತಿರ ಕುಶಾಲಪ್ಪನ ಆಟೋ ನಿಂತಿತು. ಇಳಿದವರು ಮಾಸ್ಟ್ರ ಹೆಂಡತಿ ಶಶಿಪ್ರಭಾ, ಜರಿಯಂಚಿನ ಸೀರೆ, ಕೈಯಲ್ಲಿ ಹೂವಿನ ಪೊಟ್ಟಣ. ಕುಶಾಲಪ್ಪ ಆಟೋದಿಂದಲೇ ಕೇಳಿದ: "ಹಾರಿಸ್ ಯಾವಾಗ ಬರ್ತಾನೆ?"

ಶಶಿಪ್ರಭಾ: ಬಣ್ಣ ಲಾಯ್ಕ್ ಆಗಿದೆ ಮಾರಾಯ್ರೇ. ಒಣಗಿತಾ?

ಭೋಜ ಮಾಸ್ಟ್ರು: ಶಶೀ, ಒಂದು ನಿಮಿಷ ನಿಲ್ಲು. ಅಲ್ಲಿಗೆ ಹೋಗುವ ಮೊದಲು ನಿನಗೊಂದು ಹೇಳ್ಬೇಕು. ಎಂಟು ತಿಂಗಳಿಂದ ಮುಚ್ಚಿಟ್ಟದ್ದು.

ಶಶಿಪ್ರಭಾ ಹೂವಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು.

ಭೋಜ ಮಾಸ್ಟ್ರು: ಹಳೆಯದ್ದು ಪೂರ್ತಿ ಹೋಗಿತ್ತು. ಏರು ಹತ್ತುವಾಗ ನಿಂತೇ ಹೋಗ್ತಿತ್ತು. ಹಾಗೆ ತೆಗೆಸಿ ಬೇರೆ ಹಾಕ್ಸಿದೆ. ಹೊರಗೆ ನೋಡ್ಲಿಕ್ಕೆ ಮಾತ್ರ ಮೊದಲಿನ ಹಾಗೆ. ಒಳಗೆ ಎಲ್ಲ ಜರ್ಮನಿಯದ್ದು.

ಶಶಿಪ್ರಭಾ: ಅಯ್ಯೋ ದೇವರೇ! ಯಾವಾಗ? ಯಾವ ಆಸ್ಪತ್ರೆಯಲ್ಲಿ?

ಭೋಜ ಮಾಸ್ಟ್ರು: ಆಸ್ಪತ್ರೆ ಎಂತಕೆ? ಇಲ್ಲಿಯೇ. ಈ ಹುಡುಗಿ ಹಾಕಿದ್ದು.

ಶಶಿಪ್ರಭಾ: ರಾಫಿಯಾ! ಇವರ ಹೃದಯಕ್ಕೆ ನೀನಾ ಕೈ ಹಾಕಿದ್ದು?

ರಾಫಿಯಾ: ಅಕ್ಕ, ಕಾರಿನದ್ದು! ಕಾರಿನ ಎಂಜಿನು!

ಶಶಿಪ್ರಭಾ ಟಯರಿನ ಸ್ಟೂಲಿನ ಮೇಲೆ ಕುಸಿದು ಕೂತರು. ರಾಫಿಯಾ ನೀರು ಕೊಟ್ಟಳು. ಅರ್ಧ ಲೋಟ ಇಳಿದ ಮೇಲೆ ಅವರ ಮುಖಕ್ಕೆ ಬಂದದ್ದು ಸಿಟ್ಟಲ್ಲ. ಒಂದು ನಾಚಿಕೆ.

ಶಶಿಪ್ರಭಾ: ನೀವು ಹೇಳಿದ್ದು ಒಳ್ಳೆದಾಯ್ತು. ನನಗೂ ಒಂದು ಹೇಳ್ಲಿಕ್ಕೆ ಉಂಟು. ಅಲ್ಲಿಗೆ ಹೋಗಿ ಕೈ ಮುಗಿಯುವಾಗ ಮನಸ್ಸಿನಲ್ಲಿ ಇರಬಾರದು.

ಭೋಜ ಮಾಸ್ಟ್ರು: ಎಂತದು?

ಶಶಿಪ್ರಭಾ: ಕಾರನ್ನು ಜಿತೇಶನಿಗೆ ಕೊಡ್ತೇನೆ ಅಂತ ಮಾತು ಕೊಟ್ಟು ಆಗಿದೆ.

ಜಿತೇಶ್ ಅವರ ತಮ್ಮ. ಮೂಡುಬಿದಿರೆಯಲ್ಲಿ ಮದುವೆ ಹಾಲ್ ನಡೆಸುವವನು.

ಭೋಜ ಮಾಸ್ಟ್ರು: ಅವನಿಗೆ ಎರಡು ಕಾರು ಉಂಟಲ್ಲ! ಓಡಿಸ್ಲಿಕ್ಕೆ ಇದು ಯಾಕೆ?

ಶಶಿಪ್ರಭಾ: ಓಡಿಸ್ಲಿಕ್ಕೆ ಅಲ್ಲ. ಹಾಲಿನ ಎದುರು ಇಡ್ಲಿಕ್ಕೆ. ಮದುಮಕ್ಕಳು ಒರಗಿ ನಿಂತು ಫೋಟೋ ತೆಗೀತಾರಂತೆ. ಚಕ್ರಕ್ಕೆ ಸಿಮೆಂಟು ಹಾಕಿ ಗಟ್ಟಿ ಕೂರಿಸ್ತಾನಂತೆ.

ಭೋಜ ಮಾಸ್ಟ್ರು: ಸಿಮೆಂಟಾ!

ರಾಫಿಯಾ: ಸಿಮೆಂಟಾ!

ಎರಡು ಸ್ವರಗಳಲ್ಲಿ ಯಾವುದರಲ್ಲಿ ಹೆಚ್ಚು ನೋವಿತ್ತೆಂದು ಹೇಳುವುದು ಕಷ್ಟ. ಎಂಟು ತಿಂಗಳ ತನ್ನ ಕೆಲಸಕ್ಕೆ ಯಾರೋ ಕೆಂಪು ಪೇಟದ ಹುಡುಗನೊಬ್ಬ ಮೊಣಕೈ ಊರಿ ನಿಂತದ್ದು ರಾಫಿಯಾಳಿಗೆ ಕಣ್ಣಿಗೆ ಕಟ್ಟಿತು.

ಭೋಜ ಮಾಸ್ಟ್ರು: ನನ್ನನ್ನು ಕೇಳದೆ ಮಾತು ಕೊಟ್ಟದ್ದಾ?

ಶಶಿಪ್ರಭಾ: ಆ ಕಾರಿನಲ್ಲಿ ಕೂತು ಬೆಳ್ತಂಗಡಿಗೆ ಹೋಗಿ ಬಂದ್ರೆ ನನಗೆ ಮೂರು ದಿನ ಸೊಂಟ ನೋವು. ನೀವು ನನ್ನನ್ನು ಕೇಳಿದ್ದೀರಾ? ಯಾರ ಮನೆಗೂ ಬೇಡದ ಕಾರು ಅಂತ ಎಣಿಸಿ ಕೊಟ್ಟೆ. ನಾಳೆ ಕ್ರೇನು ತರ್ತಾನೆ.

ರಾಫಿಯಾ ಮೆಲ್ಲ ಹಿಂದಿನ ಬಾಗಿಲು ತೆರೆದಳು.

ರಾಫಿಯಾ: ಅಕ್ಕ, ಒಮ್ಮೆ ಕೂತು ನೋಡಿ. ಇಲ್ಲಿ ಸರ್ಕಲಿನವರೆಗೆ. ಮತ್ತೆ ಬೇಕಾದ್ರೆ ಸಿಮೆಂಟು ನಾನೇ ಕಲಸಿ ಕೊಡ್ತೇನೆ.

ಕೂತರು. ಮಾಸ್ಟ್ರು ಕೀ ತಿರುಗಿಸಿದರು. ಟಿಂಗ್. ಮರ್ಯಾದೆಯ ಹೆಂಗಸು ಮತ್ತೆ ದಯವಿಟ್ಟು ನಿಲ್ಲಿಸಿ ಎಂದಳು.

ಶಶಿಪ್ರಭಾ: ಇವಳು ಯಾರು?

ರಾಫಿಯಾ ಎಲ್ಲವನ್ನೂ ಹೇಳಿದಳು. ಹಾಜರಿಯನ್ನೂ ಹೇಳಿದಳು, ಮಾಸ್ಟ್ರ ಮುಖ ನೋಡದೆ.

ಶಶಿಪ್ರಭಾ: ಬಿಟ್ಟು ಹೋದ ಮಕ್ಕಳ ಹೆಸರನ್ನು ರಿಜಿಸ್ಟರಿನಿಂದ ತೆಗೀಬೇಕಾದವರು ಯಾರು? ಮಕ್ಕಳಾ, ಮಾಸ್ಟ್ರಾ?

ಭೋಜ ಮಾಸ್ಟ್ರು: ಮಾಸ್ಟ್ರು.

ಶಶಿಪ್ರಭಾ: ಈ ಮಾಸ್ಟ್ರು ತೆಗೀತಾರಾ?

ರಾಫಿಯಾ: ಇಲ್ಲ ಅಕ್ಕ. ಇದರ ರಿಜಿಸ್ಟರಿಗೆ ಜರ್ಮನಿಯ ಕಂಪೆನಿಯದ್ದೇ ಬೀಗ.

ಶಶಿಪ್ರಭಾ: ಹಾಗಾದ್ರೆ ತಪ್ಪು ರಿಜಿಸ್ಟರಿನದ್ದು. ಬೆಸುಗೆ ಹಾಕು ಮಗಳೇ.

ಭೋಜ ಮಾಸ್ಟ್ರು: ಅಲ್ಲ ಶಶೀ, ಅಲ್ಲಿಗೆ ಹೋಗುವಾಗ...

ಶಶಿಪ್ರಭಾ: ನಿಮ್ಮದೊಂದು, ನನ್ನದೊಂದು ಹೊರಗೆ ಬಂತಲ್ಲ. ಇವತ್ತಿಗೆ ಒಂದು ಮನೆಗೆ ಅಷ್ಟು ಸಾಕು. ಕಾರಿನದ್ದು ಕಾರು ನೋಡಿಕೊಳ್ಳಲಿ.

ಮಾಸ್ಟ್ರು ಬಾಯಿ ತೆರೆದರು. ಸಿಮೆಂಟು ನೆನಪಾಗಿ ಮುಚ್ಚಿದರು. ತಾವೇ ಹೋಗಿ ರಾಫಿಯಾಳಿಗೆ ಟಾರ್ಚು ಹಿಡಿದರು.

ಅರ್ಧ ಗಂಟೆ ಹಿಡಿಯಿತು. ನಾಲ್ಕು ಚಿಟಿಕೆ ಹೊಗೆ ಎದ್ದಿತು. ಬೆಸುಗೆಯ ವಾಸನೆ ಹೂವಿನ ಪೊಟ್ಟಣದ ಮಲ್ಲಿಗೆಯೊಡನೆ ಬೆರೆತು ಗ್ಯಾರೇಜಿಡೀ ಹರಡಿತು. ಪಟ್ಟಿಯ ಕೊನೆಯ ನಟ್ಟು ಬಿಗಿದು ರಾಫಿಯಾ ಹಿಂದಿನ ಸೀಟಿನಲ್ಲಿ ಕೂತಳು. ಶಶಿಪ್ರಭಾ ಮುಂದೆ ಕೂತರು. ಮಾಸ್ಟ್ರು ಕಣ್ಣು ಮುಚ್ಚಿ ಕೀ ತಿರುಗಿಸಿದರು.

ಏನೂ ಇಲ್ಲ. ಟಿಂಗ್ ಇಲ್ಲ, ಕೆಂಪು ಇಲ್ಲ, ಹೆಂಗಸೂ ಇಲ್ಲ.

ಕಾರು ಗೇಟು ದಾಟಿತು. ಇಪ್ಪತ್ತು, ನಲವತ್ತು, ಐವತ್ತು. ಪೆಟ್ರೋಲ್ ಬಂಕಿನ ಹತ್ತಿರದ ಹಂಪು ಬಂದಾಗ ಶಶಿಪ್ರಭಾ ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಕೊಟ್ಟರು. ದೋಣಿ ಒಂದು ಅಲೆ ಹತ್ತಿ ಇಳಿದ ಹಾಗೆ ಕಾರು ಹತ್ತಿ ಇಳಿಯಿತು. ಕೊಟ್ಟ ಕೈಗೆ ಕೆಲಸವೇ ಸಿಗಲಿಲ್ಲ.

ಶಶಿಪ್ರಭಾ: ಹಂಪು ಹೋಯ್ತಾ?

ಭೋಜ ಮಾಸ್ಟ್ರು: ಹೋಗಿ ಆಯ್ತು.

ಶಶಿಪ್ರಭಾ: ಇನ್ನೊಮ್ಮೆ ಹೋಗುವ.

ಮೂರು ಸಲ ಹೋದರು. ಮೂರನೇ ಸಲಕ್ಕೆ ಕುಶಾಲಪ್ಪ ಸರ್ಕಲಿನಲ್ಲಿ ಆಟೋ ಅಡ್ಡ ಇಟ್ಟು ಕಿಟಕಿಗೆ ಬಗ್ಗಿದ: "ರಾಫಿಯಾ, ನನ್ನ ಆಟೋದ ಶಾಕು ಕೂಡ ಹೋಗಿದೆ. ನಾಳೆ ಬೆಳಿಗ್ಗೆ ನೀನು ಇರ್ತೀಯಲ್ಲ?"

"ಇರ್ತೇನೆ, ಬೇಗನೇ ಬಾಗಿಲು ತೆಗೀತೇನೆ" ಎಂದು ರಾಫಿಯಾ ಕಿಟಕಿಯಿಂದಲೇ ಬಗ್ಗಿ ಅವನ ಆಟೋದ ಚಕ್ರ ನೋಡಿದಳು.

ಅವಳು ಅಲ್ಲೇ ಇಳಿದಳು. ಗಂಡ ಹೆಂಡತಿ ಧರ್ಮಸ್ಥಳಕ್ಕೆಂದು ಬೆಳ್ತಂಗಡಿ ಕಡೆಗೆ ಮುಖ ಮಾಡುವಷ್ಟರಲ್ಲಿ ಶಶಿಪ್ರಭಾರ ಮೊಬೈಲು ಬಡಿದುಕೊಂಡಿತು. ಜಿತೇಶ್. ಅವರು ಅದನ್ನು ಮಡಿಲಲ್ಲಿ ಕವುಚಿ ಹಾಕಿದರು.

ಭೋಜ ಮಾಸ್ಟ್ರು: ಎತ್ತು. ಕಾರು ಕೊಡುವುದಿಲ್ಲ ಅಂತ ಹೇಳು.

ಶಶಿಪ್ರಭಾ: ಧರ್ಮಸ್ಥಳದಿಂದ ಬಂದ ಮೇಲೆ ಹೇಳ್ತೇನೆ.

ಭೋಜ ಮಾಸ್ಟ್ರು: ಈಗಲೇ ಹೇಳಿದ್ರೆ ಎಂತ?

ಶಶಿಪ್ರಭಾ: ಅಲ್ಲಿಗೆ ಹೋಗುವ ದಾರಿಯಲ್ಲಿ ಹೇಳಿದ್ರೆ ಸತ್ಯವೇ ಹೇಳ್ಬೇಕಾಗ್ತದೆ ಮಾರಾಯ್ರೇ. ನೀವು ಗಾಡಿ ಬಿಡಿ!