ಜೊಲ್ಲು ನುಡಿದ ಸಾಕ್ಷಿ

ರಾದ್ಧಾಂತಕ್ಕೆಲ್ಲ ಕಾರಣ ಕಿರುಬೆರಳಿನ ಗಾತ್ರದ ಮೂರು ಪ್ಲಾಸ್ಟಿಕ್ ಕೊಳವೆಗಳು. ‘ನಿದ್ದೆ ಇಲ್ಲ, ಎದೆ ಡವಡವ’ ಎಂದು ಹೋದ ನೀರು ಸರಬರಾಜು ಕಚೇರಿಯ ದೂರು ಗುಮಾಸ್ತನ ಕೈಗೆ ಡಾಕ್ಟರಮ್ಮ ಅವನ್ನು ಕೊಟ್ಟಿದ್ದರು.

“ರಕ್ತ ಬೇಡ, ಜೊಲ್ಲು ಸಾಕು. ಒತ್ತಡದ ಹಾರ್ಮೋನು ಅದರಲ್ಲೇ ಗೊತ್ತಾಗುತ್ತೆ. ಎದ್ದ ಕೂಡಲೇ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಅದಕ್ಕೆ ಅರ್ಧ ಗಂಟೆ ಮುಂಚೆಯಿಂದ ಏನೂ ತಿನ್ನಬೇಡಿ, ಕುಡೀಬೇಡಿ. ಎಲ್ಲಿ, ಎಷ್ಟೊತ್ತಿಗೆ ಅಂತ ಚೀಟಿ ಮೇಲೆ ಬರೀರಿ.”

ಗುಮಾಸ್ತನಿಗೆ ಒಳಗೊಳಗೇ ಖುಷಿ. ಹನ್ನೊಂದು ವರ್ಷದಿಂದ ಊರ ಜನರ ಬೈಗುಳ ತಿಂದು ಕೂತವನು ಅವನು. ಹಾರ್ಮೋನು ಏರಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟರೆ ದಾಖಲೆ ಕೋಣೆಗೆ ಹಾಕುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಅಲ್ಲಿ ಒಬ್ಬನೇ ಕಡತ ಕಾಯುತ್ತಿದ್ದ ಕಡತದಣ್ಣನಿಗೆ ಮುಂದಿನ ತಿಂಗಳು ನಿವೃತ್ತಿ. ಒಂದು ಫ್ಯಾನು, ಒಂದು ಕುರ್ಚಿ, ನರಪಿಳ್ಳೆಯ ಸದ್ದಿಲ್ಲ. ಇನ್ನೇನು ಬೇಕು?

ಬೆಳಗಿನ ಕೊಳವೆ ಹಾಸಿಗೆಯಲ್ಲೇ ತುಂಬಿತು. “ಇಷ್ಟು ವರ್ಷ ದಿಂಬಿಗೆ ಸುರಿಸಿದ್ದನ್ನ ಹಿಡಿದಿಟ್ಟಿದ್ರೆ ಬಕೆಟ್ಟೇ ತುಂಬ್ತಿತ್ತು ಕಣ್ರೀ” ಎಂದಳು ಹೆಂಡತಿ.

ಮಧ್ಯಾಹ್ನ ಕೌಂಟರಿನಲ್ಲಿ ಬಾಯಿ ತೆರೆದರೆ ಪಸೆಯೇ ಇಲ್ಲ. ಊರಿಗೆಲ್ಲ ನೀರು ಬಿಡುವ ಕಚೇರಿಯಲ್ಲಿ ಅವನ ಬಾಯಿಗೆ ಮಾತ್ರ ಸರಬರಾಜು ನಿಂತಿತ್ತು. ಕನಿಕರಪಟ್ಟ ಟೈಪಿಸ್ಟ್ ಅಕ್ಕ ಊಟದ ಡಬ್ಬಿಯಿಂದ ನಿಂಬೆಹಣ್ಣು ತೆಗೆದು ಅವನ ಮೂಗಿನೆದುರೇ ಹೆಚ್ಚಿದಳು.

“ನೋಡೋ ತಮ್ಮಾ, ಹುಳಿಹುಳಿ ರಸ ಹೆಂಗೆ ಜಿನುಗ್ತಿದೆ!”

ಸಾಲಿನಲ್ಲಿದ್ದವರೆಲ್ಲ ಬಾಯಿ ಚಪ್ಪರಿಸಿದರು. ಗುಮಾಸ್ತನ ನಾಲಿಗೆ ಮಾತ್ರ ಬಿಸಿಲಿಗೆ ಬಿದ್ದ ಚಪ್ಪಲಿಯಂತಿತ್ತು. ಕೊನೆಗೆ ಕತ್ತು ಬಗ್ಗಿಸಿ, ಕಣ್ಣು ಮುಚ್ಚಿ, ಬಲವೆಲ್ಲ ಹಾಕಿ ಉಗುಳಿದ. ಒಂದೇ ಒಂದು ಹನಿ ಬಂತು. ಅದೂ ಕೊಳವೆ ತಪ್ಪಿ ಕೌಂಟರಿನ ಮೇಲಿದ್ದ ಅರ್ಜಿಗೆ ಬಿತ್ತು.

ಅರ್ಜಿಯ ಒಡತಿ, ಕೊಡೆ ಹಿಡಿದ ಒಬ್ಬ ಅಜ್ಜಿ, ಕೂಗಿದ ಕೂಗಿಗೆ ಕಿಟಕಿ ಗಾಜು ನಡುಗಿತು. “ಅಯ್ಯಯ್ಯೋ! ನಲ್ಲೀಲಿ ನೀರಿಲ್ಲ ಅಂತ ಬರೆದ್ರೆ ಅದಕ್ಕೆ ಉಗೀತಾನಲ್ಲಪ್ಪೋ! ಬರ್ಕೋ, ಇದಕ್ಕೂ ಒಂದು ದೂರು ಬರ್ಕೋ!”

“ಅಜ್ಜೀ, ಅದು ಪರೀಕ್ಷೆಗೆ...”

“ನನ್ನ ಅರ್ಜಿ ಮೇಲೇ ಬೇಕಿತ್ತೇನೋ ನಿನ್ನ ಪರೀಕ್ಷೆ? ಬರಿ!”

ದೂರು ಬರೆದುಕೊಳ್ಳುವುದು ಅವನದೇ ಕೆಲಸ. ತನ್ನ ಮೇಲಿನ ದೂರನ್ನು ತಾನೇ ಬರೆದ, ಮೊಹರು ಒತ್ತಿದ, ರಸೀದಿ ಹರಿದುಕೊಟ್ಟ. “ಏಳು ದಿನದೊಳಗೆ ತಪ್ಪಿತಸ್ಥನ ಮೇಲೆ ಕ್ರಮ ಆಗುತ್ತೆ” ಎಂದು ಅಭ್ಯಾಸಬಲದಿಂದ ಹೇಳಿಯೂಬಿಟ್ಟ.

ಅಷ್ಟರಲ್ಲಿ ಸಾಹೇಬರ ಬಾಗಿಲು ಕಿರ್ರೆಂದಿತು. ಗುಮಾಸ್ತ ಕೊಳವೆಯ ಸಮೇತ ದಾಖಲೆ ಕೋಣೆಗೆ ಓಟ ಕಿತ್ತ.

ಬಾಗಿಲು ತಳ್ಳಿದ್ದೇ ತಡ, ಕಡತದಣ್ಣ ಕುರ್ಚಿಯಿಂದ ಗೇಣುದ್ದ ಹಾರಿದ. “ಯಾರು? ಯಾವ ಕಡತ? ಓ... ನೀನಾ!” ಎಂಥ ಒಳ್ಳೆಯ ನಿದ್ದೆಯಲ್ಲಿದ್ದನಲ್ಲ ಎಂದು ಗುಮಾಸ್ತನಿಗೆ ಹೊಟ್ಟೆಕಿಚ್ಚಾಯಿತು.

ಕತೆ ಕೇಳಿ ಕಡತದಣ್ಣ ಕೈ ಚಾಚಿದ. “ಇಷ್ಟೇನಾ? ಕೊಡಿಲ್ಲಿ, ನಾನು ತುಂಬಿಸ್ತೀನಿ.”

“ಅಣ್ಣಾ, ನಿಂದು ತಣ್ಣಗಿರುತ್ತಲ್ಲೋ!”

“ಖಾಲಿ ಕೊಡೋದಕ್ಕಿಂತ ವಾಸಿ ಅಲ್ವೇನೋ?”

ಜೊಲ್ಲು ಇನ್ನೊಬ್ಬನದಾದರೂ ಜಾಗವಾದರೂ ಸರಿಯಿರಲಿ ಎಂದು ಗುಮಾಸ್ತ ಚೀಟಿಯಲ್ಲಿ ‘ಮಧ್ಯಾಹ್ನ ಒಂದು ಗಂಟೆ, ದಾಖಲೆ ಕೋಣೆ’ ಎಂದು ಬರೆದ.

ಸಾಹೇಬರಿಂದಲೂ ಚೆನ್ನಾಗಿ ಉಗಿಸಿಕೊಂಡ ಮೇಲೆ, ಸಂಜೆಯ ಕೊಳವೆಯನ್ನು ಕೌಂಟರಿನಲ್ಲೇ ತುಂಬಿದ. ಎದುರಿಗೆ ಇಬ್ಬರು ಮೇಜು ಗುದ್ದಿ ಬೈಯುತ್ತಿದ್ದರು. ‘ಬೈಯಿರಪ್ಪಾ ಬೈಯಿರಿ, ಹಾರ್ಮೋನು ಅಟ್ಟಕ್ಕೇರಲಿ’ ಎಂದುಕೊಂಡ.

ವಾರದ ಮೇಲೆ ವರದಿ ಬಂತು. ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು.

“ಬೆಳಗಿನದು ಸರಿಯಾಗಿದೆ. ಸಂಜೆ ಕೌಂಟರಲ್ಲಂತೂ ತೊಟ್ಟಿಲ ಮಗು ಥರ ಇದ್ದೀರಿ. ಆದ್ರೆ ಮಧ್ಯಾಹ್ನದ್ದು! ಇಷ್ಟು ಏರಿದ್ದು ನಾನು ಯಾವತ್ತೂ ಕಂಡಿಲ್ಲ. ಆ ದಾಖಲೆ ಕೋಣೇಲಿ ಏನ್ರೀ ಇದೆ?”

ಗುಮಾಸ್ತ ಬಾಯಿ ತೆರೆದ, ಮತ್ತೆ ಪಸೆ ಆರಿತ್ತು.

“ಮಾತಾಡಬೇಡಿ, ನಂಗೆ ಅರ್ಥವಾಯ್ತು” ಎಂದು ಡಾಕ್ಟರಮ್ಮ ಸಾಹೇಬರಿಗೆ ಕಾಗದ ಬರೆದೇಬಿಟ್ಟರು: ‘ಇವರ ಪ್ರಾಣದ ಹಿತಕ್ಕಾಗಿ ದಾಖಲೆ ಕೋಣೆಯ ಹೊಸ್ತಿಲನ್ನೂ ತುಳಿಯಗೊಡಬೇಡಿ. ನಿವೃತ್ತಿಯವರೆಗೂ ದೂರು ಕೌಂಟರಿನಲ್ಲೇ ಇರಿಸುವುದು.’