ಮಾವನ ಹೊಗೆಯಿಲ್ಲದ ಸೂರ್ಯ

ಸೂರ್ಯನಿಗೆ ಪೈಪೋಟಿ ಕೊಡುವ ಧೈರ್ಯ ಇಡೀ ಚನ್ನಪಟ್ಟಣದಲ್ಲಿ ಇರುವುದು ಒಬ್ಬರಿಗೇ. ಅವರು ನನ್ನ ಸೋದರಮಾವ. ಉದ್ಯೋಗ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು. ಉಳಿದ ಹೊತ್ತಿನಲ್ಲಿ ಬ್ರಹ್ಮಾಂಡದ ಉಸ್ತುವಾರಿ!

ನಾನು ರಾಮನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳುವವನು. ಹಾಗಾಗಿ ಮೊಬೈಲಿನಲ್ಲಿ ಏನೇ ವಿಚಿತ್ರ ಕಂಡರೂ ಮಾವ ನನ್ನನ್ನೇ ಹಿಡಿಯುತ್ತಾರೆ. ಒಂದು ದಿನ ಅವರಿಗೆ ಕಂಡದ್ದು ಕೋಲ್ಡ್ ಫ್ಯೂಷನ್, ಅಂದರೆ ಸೂರ್ಯನೊಳಗೆ ನಡೆಯುವಂತೆ ಪರಮಾಣುಗಳನ್ನು ಕೂಡಿಸಿ, ಸೂರ್ಯನಷ್ಟು ಕಾವಿಲ್ಲದೆಯೇ ಶಾಖ ತೆಗೆಯುವ ವಿದ್ಯೆ. ನಿಕಲ್ ಪುಡಿಗೆ ಹೈಡ್ರೋಜನ್ ಕುಡಿಸಿ ಸ್ವಲ್ಪ ಬಿಸಿ ಮಾಡಿದರೆ ಸಾಕಂತೆ, ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಶಾಖ ವಾಪಸ್ಸು ಬರುತ್ತದಂತೆ. ಸೌದೆ ಬೇಡ, ಹೊಗೆ ಇಲ್ಲ.

ಹೊಗೆ ಇಲ್ಲ ಎಂಬ ಮಾತೇ ಮಾವನ ತಲೆ ಕೆಡಿಸಿದ್ದು. ಗೂಡು ಬೇಯಿಸುವ ಒಲೆಯ ಮುಂದೆ ಕೂರುವವರು ಅತ್ತೆ. ವರ್ಷಾನುಗಟ್ಟಲೆ ಹೊಗೆ ಕುಡಿದು ಅವರ ಎದೆ ಕೆಟ್ಟಿತ್ತು. ಒಲೆ ಹತ್ತಿರ ಹೋಗಲೇಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಬೆಂದ ಗೂಡಿನಿಂದ ಎಳೆ ಹುಡುಕುವ ಕೈ ಅವರದು. ಮಾವನಿಗೆ ಗೊತ್ತಿದ್ದದ್ದು ಆ ಎಳೆ ಸುತ್ತುವ ರಾಟೆ ತಿರುಗಿಸುವುದಷ್ಟೇ. ಕರೆಂಟಿನಲ್ಲಿ ನೀರು ಕಾಯಿಸೋಣವೆಂದರೆ ನೂಲಿನ ಸಂಪಾದನೆಯೆಲ್ಲ ಬಿಲ್ಲಿಗೇ ಸರಿ.

ನಾನು ವಾದಕ್ಕಿಳಿದೆ. ನಿಕಲ್ಲಿನ ನ್ಯೂಕ್ಲಿಯಸ್ಸೂ ಪಾಸಿಟಿವ್, ಹೈಡ್ರೋಜನ್ನಿನದೂ ಪಾಸಿಟಿವ್, ಒಂದನ್ನೊಂದು ದೂಡುತ್ತವೆ, ಕೂಡುವುದು ಹೇಗೆ ಎಂದೆ.

"ನಾನೂ ಹಟಮಾರಿ, ನಿಮ್ಮತ್ತೆನೂ ಹಟಮಾರಿ. ಕೂಡಿ ಬಾಳ್ತಿಲ್ವೇನ್ಲಾ?"

ಒಬ್ಬರಿಗೆ ಬಂತೆನ್ನುವ ಶಾಖ ಇನ್ನೊಬ್ಬರು ಅದೇ ಪ್ರಯೋಗ ಮಾಡಿದರೆ ಬರುವುದಿಲ್ಲ ಎಂದೆ. ನಿಜವಾಗಿ ಕೂಡಿದ್ದರೆ ಗಾಮಾ ಕಿರಣ ಹೊರಟು ಹತ್ತಿರ ಕೂತವನ ತಲೆಗೂದಲೆಲ್ಲ ಉದುರಿ ಗತಿ ನೆಟ್ಟಗಿರುತ್ತಿರಲಿಲ್ಲ ಎಂದು ಹೆದರಿಸಿದೆ. ಮಾವ ತಲೆಯ ಟವೆಲ್ ತೆಗೆದು, ಬೋಳುತಲೆಯನ್ನು ನನ್ನತ್ತ ಬಗ್ಗಿಸಿ, ಉದುರೋಕೆ ಇನ್ನೇನಿದೆ ಎಂದರು. ಆ ತಲೆ ನಾನು ಕಣ್ಣು ಬಿಟ್ಟಾಗಿನಿಂದಲೂ ಬೋಳೇ!

ಎಲ್ಲಿಂದಲೋ ನಿಕಲ್ ಪುಡಿ, ಎಲ್ಲಿಂದಲೋ ಗ್ಯಾಸು ಹೊಂದಿಸಿಕೊಂಡು ಎರಡು ಸ್ಟೀಲ್ ಕೊಳವೆ ಮಾಡಿಸಿದರು. ಒಂದರಲ್ಲಿ ನಿಕಲ್ಲು, ಹೈಡ್ರೋಜನ್ನು. ಇನ್ನೊಂದರಲ್ಲಿ ಹೋಲಿಕೆಗೆಂದು ಬರೀ ಮರಳು. ಎರಡನ್ನೂ ಒಂದೇ ಅಳತೆಯ ಪಾತ್ರೆಗಳ ನೀರಿನಲ್ಲಿಟ್ಟು, ಎರಡಕ್ಕೂ ಒಂದೇ ಅಳತೆಯ ಕರೆಂಟು ಕೊಟ್ಟರು. ಥರ್ಮಾಮೀಟರ್ ಎಲ್ಲಿ ಅಂತೀರಾ? ನೂಲು ತೆಗೆಯುವವರ ಮನೆಯಲ್ಲಿ ನೀರಿನ ಕಾವು ಹೇಳುವುದು ಗೂಡು. ಅದು ಮೆತ್ತಗಾಗಿ ಎಳೆ ಬಿಟ್ಟರೆ ನೀರು ಹದಕ್ಕೆ ಬಂದಿದೆ ಎಂದರ್ಥ. ಮಾವ ಎರಡು ಪಾತ್ರೆಗೂ ಒಂದೊಂದು ಹಿಡಿ ಗೂಡು ಹಾಕಿದರು.

ಬೀದಿಯೇ ಬಂದು ನಿಂತಿತ್ತು. ನಿಕಲ್ ಪಾತ್ರೆಯ ಗೂಡು ಮೊದಲು ಎಳೆ ಬಿಟ್ಟಿತು! ಮರಳಿನ ಪಾತ್ರೆಯದು ಮಿಸುಕಲಿಲ್ಲ. ಅತ್ತೆಯ ಮುಖ ಅರಳಿದ್ದು ಕಂಡು, ನಾನು ಓದಿದ ಪುಸ್ತಕಗಳೆಲ್ಲ ಸುಳ್ಳಾಗಲಿ ದೇವರೇ ಎಂದು ಮನಸಾರೆ ಬೇಡಿಕೊಂಡೆ.

ಅಷ್ಟರಲ್ಲಿ ಮಾವ ಸಪ್ಪಗಾದರು. ಹೊಸ ಗೂಡಿನ ಮೊದಲ ಹಿಡಿಯನ್ನು ಶುಭಕಾರ್ಯಕ್ಕೆ ಹಾಕುವುದು ಅವರ ಮನೆಯ ಪದ್ಧತಿ. ಹಿಂದಿನ ದಿನ ಮಾರ್ಕೆಟ್ಟಿನಿಂದ ತಂದ ಹೊಸ ಗೂಡನ್ನು ಅವರ ಕೈ ತಾನಾಗಿಯೇ ನಿಕಲ್ ಪಾತ್ರೆಗೆ ಹಾಕಿತ್ತು, ಮೂಲೆಯ ಹಳೇ ಗೂಡನ್ನು ಮರಳಿನ ಪಾತ್ರೆಗೆ. ಹಳೇ ಗೂಡು ಬೇಯುವುದು ಯಾವಾಗಲೂ ತಡ. ಇದನ್ನು ಮಾವ ನನ್ನ ಕಿವಿಯಲ್ಲಿ ಹೇಳಿದಾಗ, ಯಾರಿಗೂ ತಿಳಿದಿಲ್ಲ, ಅತ್ತೆ ಇವತ್ತೊಂದು ದಿನ ಖುಷಿಯಾಗಿರಲಿ ಬಿಡಿ ಎಂದೆ.

"ಅವಳ ಎದೆಗೋಯ್ತಿರೋ ಹೊಗೆ ಸುಳ್ಳಲ್ಲ ಕಣ್ಲಾ. ಅದ್ಕೆ ಸುಳ್ಳು ಒಲೆ ಕೊಟ್ರೆ ಆಯ್ತದಾ?"

ಎಲ್ಲರಿಗೂ ತಮ್ಮ ತಪ್ಪನ್ನು ಹೇಳಿಕೊಂಡು, ಎರಡೂ ಪಾತ್ರೆಗೆ ಬೇರೆ ನೀರು ತುಂಬಿ, ಈ ಸಲ ಹೊಸ ಗೂಡಿನ ಹಿಡಿಯನ್ನು ಮರಳಿನ ಪಾತ್ರೆಗೆ, ಹಳೇದರದನ್ನು ನಿಕಲ್ ಪಾತ್ರೆಗೆ ಹಾಕಿದರು. ಗೆದ್ದದ್ದು ಮರಳು; ಅಂದರೆ ಮೊದಲು ಗೆಲ್ಲಿಸಿದ್ದೂ ಹೊಸ ಗೂಡೇ, ನಿಕಲ್ಲಲ್ಲ. ಜನ ನಗುತ್ತಾ ಚದುರಿದರು. ನಾನು ಮಾತ್ರ ಬೆರಗಾಗಿ ನಿಂತಿದ್ದೆ. ಇಷ್ಟು ಆಸೆಪಟ್ಟದ್ದನ್ನು ತಾನೇ ಸುಳ್ಳೆಂದು ತೋರಿಸುವವರು ಎಷ್ಟು ಜನ ಸಿಗುತ್ತಾರೆ?

ಮಾರನೆಯ ಬೆಳಿಗ್ಗೆ ಸಮಾಧಾನ ಹೇಳೋಣವೆಂದು ಹೋದರೆ ಬೀದಿಗೇ ಕೆಮ್ಮು ಕೇಳಿಸುತ್ತಿತ್ತು. ಒಳಗೆ ಹೋದೆ. ಕೆಮ್ಮುತ್ತಿದ್ದವರು ಮಾವ. ಒಲೆಯ ಮುಂದೆ ಕೂತು, ಬಿಸಿನೀರಿಗೆ ಕೈ ಅದ್ದಿ, ಬಾರದ ಕೆಲಸದಲ್ಲಿ ಎಳೆ ಹುಡುಕುತ್ತಿದ್ದರು. ಹೊಗೆ ತಾಗದ ಬಾಗಿಲ ಬಳಿ, ರಾಟೆಯ ಮುಂದೆ ಅತ್ತೆ.

"ಎಷ್ಟೇಳಿದ್ರೂ ಏಳಾಕಿಲ್ಲ ಅಂತಾರೆ ಕಣಪ್ಪ," ಎಂದರು ಅತ್ತೆ. ಹಾಗೆನ್ನುತ್ತಲೇ, ಮಾವ ಹುಡುಕಿ ಕೊಟ್ಟ ಎಳೆ ಹರಿಯದಂತೆ ರಾಟೆಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸುತ್ತಿದ್ದರು.