ಏರಿನಲ್ಲಿ ಕಾರು, ಡಿಕ್ಕಿಯಲ್ಲಿ ಭಾರ

ಭಾರದ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹೆಂಗಸರ ಕಡೆಯಿಂದ ಅಪಾಯ ಬರಬಹುದೆಂದು ನಾನು ಎಣಿಸಿರಲಿಲ್ಲ.

ನಂಬಿಕೆಗೆ ಆಧಾರವಿತ್ತು. ನನ್ನದು ತಕ್ಕಡಿ ವ್ಯಾಪಾರ. ಚಿನ್ನ ತೂಗುವ ಪುಟಾಣಿ ತಕ್ಕಡಿಯಿಂದ ಹಿಡಿದು ಮೂಟೆ ತೂಗುವ ಯಂತ್ರದವರೆಗೆ ನನ್ನ ಅಂಗಡಿಯಲ್ಲಿ ಸಿಗದ್ದಿಲ್ಲ. ಹೊಸ್ತಿಲು ದಾಟಿದ ಗಿರಾಕಿಯ ತೂಕವನ್ನೂ ಅವನ ಮಾತಿನ ತೂಕವನ್ನೂ ಕಣ್ಣಳತೆಯಲ್ಲೇ ಹೇಳಬಲ್ಲೆ. ಇಂಥವನಿಗೆ, ಹೆಂಡತಿ ಹೊಲಿದ ಒಂದು ಪರದೆಯನ್ನು ಗುಡ್ಡದ ಮೇಲಿನ ಶಾಲೆಗೆ ಮುಟ್ಟಿಸುವುದು ಯಾವ ಮಹಾ ಕೆಲಸ?

ಪರದೆ ಎಂದರೆ ಕಿಟಕಿಗೆ ಹಾಕುವಂಥದ್ದಲ್ಲ. ಶಾಲೆಯ ನಾಟಕದ ವೇದಿಕೆಗೆ, ಕಡುಗೆಂಪು ಬಣ್ಣದ ದಪ್ಪ ವೆಲ್ವೆಟ್ಟಿನದು. ಅದುವರೆಗೆ ಅಕ್ಕಪಕ್ಕದವರ ಪ್ಯಾಂಟಿನ ಅಂಚು ಮಡಿಚಿ, ಗುಂಡಿ ಹಚ್ಚಿ ಕೊಡುತ್ತಿದ್ದ ನನ್ನವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮನೆಯಲ್ಲಿ ಹೊಲಿಯುವವರು ಹೇಳಿದ ಹೊತ್ತಿಗೆ ಕೊಡುವುದಿಲ್ಲ ಎಂದು ಶಾಲೆಯ ಹೆಡ್‌ಮಿಸ್ಸು ಮೊದಲೇ ಮೂಗು ಮುರಿದಿದ್ದರು. ಅಂದು ಸಂಜೆ ಮಕ್ಕಳ ನಾಟಕ. ಅಷ್ಟರೊಳಗೆ ಪರದೆ ತೂಗಿದರೆ ಇಡೀ ಶಾಲೆಯ ಸಮವಸ್ತ್ರದ ಹೊಲಿಗೆ ಇವಳಿಗೆ; ತಪ್ಪಿದರೆ ಪೇಟೆಯ ದೊಡ್ಡ ಅಂಗಡಿಗೆ. ಆ ಆಸೆಯಲ್ಲಿ ನಮ್ಮ ಊಟದ ಮೇಜು, ಮಂಚ, ನನ್ನ ಕುರ್ಚಿ ಎಲ್ಲವೂ ವಾರಗಟ್ಟಲೆ ವೆಲ್ವೆಟ್ಟಿನಡಿ ಮುಳುಗಿದ್ದವು. ಮಧ್ಯಾಹ್ನದ ನಿದ್ದೆಗೆ ಅದನ್ನೇ ಹೊದ್ದು ಮಲಗಿ ನಾನು ಬೈಸಿಕೊಂಡಿದ್ದೂ ಉಂಟು.

"ನನ್ನ ತಮ್ಮನ ಜೀಪಿಗೆ ಹೇಳ್ಲಾ?" ಎಂದಳು ಅಂದು ಬೆಳಿಗ್ಗೆ. "ಗುಡ್ಡದ ರಸ್ತೆಗೆ ಜಲ್ಲಿಪುಡಿ ಸುರಿದು ಹಾಗೇ ಬಿಟ್ಟಿದ್ದಾರಂತೆ. ಅದರ ಮೇಲೆ ತುಂತುರು ಬೇರೆ."

ಅವಳ ತಮ್ಮ ಮನೆಗಳಿಗೆ ಬಣ್ಣ ಹೊಡೆಸುವ ಗುತ್ತಿಗೆದಾರ, ಇರುವುದು ಗುಡ್ಡದ ಮೇಲೆ. ಅವನ ಜೀಪಿನಲ್ಲಿ ನಾಲ್ಕೂ ಚಕ್ರಗಳು ಎಳೆಯುತ್ತವೆ. ಇದು ನನಗೆ ಮಾತ್ರವಲ್ಲ, ಅವನನ್ನು ಒಮ್ಮೆ ಭೇಟಿಯಾದ ಎಲ್ಲರಿಗೂ ಗೊತ್ತು. ಹಲ್ಲುನೋವಿನ ಮಾತು ತೆಗೆದರೂ ಅದು ಹೇಗೋ ಹೊರಳಿ ಹೊರಳಿ ಅವನ ನಾಲ್ಕು ಚಕ್ರಗಳಿಗೇ ಬಂದು ನಿಲ್ಲುತ್ತದೆ.

"ಯಾವ ಚಕ್ರದ ಮೇಲೂ ನಂಬಿಕೆ ಇಲ್ಲದೋರು ನಾಲ್ಕನ್ನೂ ತಿರುಗಿಸ್ತಾರೆ," ಎಂದೆ. "ನಮಗೆ ಎರಡು ಸಾಕು."

"ಯಾವ ಎರಡು?"

ಈ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಹುಡುಕಿದ್ದರೆ ನಿಮಗೆ ಇದನ್ನು ಓದುವ ಕಷ್ಟ ಬರುತ್ತಿರಲಿಲ್ಲ. ನನ್ನ ಹಳೆಯ ವ್ಯಾನು ಹಿಂದಿನ ಚಕ್ರಗಳಿಂದ ತಳ್ಳುವ ಜಾತಿಯದು. ಕೆಸರಿನ ದಿನ ಖಾಲಿ ವ್ಯಾನು ಏರು ಹತ್ತದೆ ಮುನಿಸಿಕೊಂಡರೆ, ಹಿಂಭಾಗದಲ್ಲಿ ಒಂದಿಷ್ಟು ಕಬ್ಬಿಣದ ತೂಕದ ಬಟ್ಟುಗಳನ್ನು ಹೇರುತ್ತಿದ್ದೆ. ಚಕ್ರ ನೆಲ ಕಚ್ಚಿ ಹಿಡಿದು, ವ್ಯಾನು ಎತ್ತಿನ ಹಾಗೆ ಉಸಿರುಗಟ್ಟಿ ಹತ್ತುತ್ತಿತ್ತು. ಈಚೆಗೆ ಅದನ್ನು ಕೊಟ್ಟು ಈ ಕಾರು ತಂದೆ. ಇದು ಮುಂದಿನ ಚಕ್ರಗಳಿಂದ ಎಳೆಯುವ ಜಾತಿಯೆಂದು ಮಾರಿದವನು ಹೇಳಿಯೂ ಇದ್ದ. ಎಳೆದರೇನು, ತಳ್ಳಿದರೇನು, ಗಾಡಿ ಮುಂದೆ ಹೋದರಾಯಿತು ಎಂದುಕೊಂಡು ನಾನು ಹಾರನ್ ಒತ್ತಿ ಪರೀಕ್ಷೆ ಮಾಡಿ ಕೊಂಡುಕೊಂಡಿದ್ದೆ.

ಹಿಂದಿನ ಸೀಟು ಮಡಚಿ, ಪರದೆಯ ಸುರುಳಿಗಳನ್ನು ಡಿಕ್ಕಿಯವರೆಗೆ ತುಂಬಿ ಮಧ್ಯಾಹ್ನ ಹೊರಟೆವು. ನಮ್ಮ ಮನೆ, ಅಂಗಡಿ ಎರಡೂ ಗುಡ್ಡದ ಬುಡದಲ್ಲೇ. ಏರಿನ ಅರ್ಧದವರೆಗೆ ಕಾರು ಮರ್ಯಾದೆಯಿಂದ ಹತ್ತಿತು. ಆಮೇಲೆ ಎಂಜಿನ್ ಮಾತ್ರ ಹತ್ತತೊಡಗಿತು, ಕಾರು ನಿಂತಿತು. ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿ ಜಲ್ಲಿಪುಡಿಯನ್ನು ನಾಲ್ಕು ದಿಕ್ಕಿಗೂ ಹಂಚಿದವು. ನಂತರ ಬಂದ ದಾರಿಯಲ್ಲೇ ನಿಧಾನವಾಗಿ ಜಾರಿದೆವು.

"ಜಾರ್ತಿದೆ ಕಣ್ರೀ."

"ಜಾರ್ತಿಲ್ಲ. ಹಿಡಿತ ಹುಡುಕ್ತಿದೆ."

"ಕೆಳಗೆ ಹುಡುಕ್ತಿದೆಯಲ್ಲ, ಶಾಲೆ ಮೇಲಿದೆ."

ಬುಡ ತಲುಪಿದಾಗ ನನ್ನ ಅನುಭವ ಕೆಲಸಕ್ಕೆ ಬಂತು. "ಹಿಂದೆ ಭಾರ ಸಾಲದು," ಎಂದು ತೀರ್ಪು ಕೊಟ್ಟೆ. ಅಂಗಡಿಯಿಂದ ದೊಡ್ಡ ಬಟ್ಟುಗಳನ್ನೆಲ್ಲ ಹೊತ್ತು ತಂದು ಡಿಕ್ಕಿಗೆ ಹೇರಿದೆ. ಕಾರು ಹಿಂಗಾಲಿನ ಮೇಲೆ ಕುಳಿತ ನಾಯಿಯ ಭಂಗಿಗೆ ಬಂತು. ಹೆಂಡತಿ ಅದನ್ನು ತಲೆ ಓರೆ ಮಾಡಿ ನೋಡಿದಳು. ಮದುವೆಯಾದವರಿಗೆ ಆ ನೋಟದ ತೂಕ ಗೊತ್ತು.

ಈ ಸಲ ಅರ್ಧದವರೆಗೂ ಹೋಗಲಿಲ್ಲ. ಮೊದಲ ತಿರುವಿನಲ್ಲಿ ನಾನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರು ಅದನ್ನು ಒಂದು ಸಲಹೆಯೆಂದು ಮಾತ್ರ ಸ್ವೀಕರಿಸಿ ನೇರವಾಗಿ ಹೋಯಿತು. ಹಳೆಯ ವ್ಯಾನು ತಿರುವಿನಲ್ಲಿ ಬಾಲ ಬೀಸಿ ಹೆದರಿಸುತ್ತಿತ್ತು, ಆದರೆ ಮೂತಿ ನಾನು ಹೇಳಿದ ಕಡೆ ಇರುತ್ತಿತ್ತು. ಇದರ ಮೂತಿಗೆ ನನ್ನ ಕೈಯ ಪರಿಚಯವೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಾನು ರಸ್ತೆಗೆ, ಅದು ಬೇಲಿಗೆ. ಗಿಡದೊಳಗೆ ಮೂಗು ತೂರಿಸಿ ನಿಂತಿತು.

ಹೆಂಡತಿ ಫೋನ್ ತೆಗೆದಳು. ನಾನು ತಡೆಯಲಿಲ್ಲ. ಬೇಲಿಯೊಳಗಿದ್ದವನಿಗೆ ಸ್ವಾಭಿಮಾನ ಎಷ್ಟಿದ್ದರೂ ಅಷ್ಟೇ.

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಅಕ್ಕಾ, ಭಾವಂಗೆ ಆವತ್ತೇ ಹೇಳಿದ್ದೆ. ನಾಲ್ಕೂ ಎಳೀಬೇಕು. ಬಂದೆ ಇರು, ಪರದೆ ನನ್ನ ಜೀಪಿಗೆ ಹಾಕೋಣ."

ನಾವು ಕಾರನ್ನು ಬೇಲಿಯಿಂದ ಬಿಡಿಸಿ ಬುಡಕ್ಕೆ ಇಳಿಸುವಷ್ಟರಲ್ಲಿ ಬಂದೇ ಬಿಟ್ಟ. ಏರಿನ ತುದಿಯಲ್ಲಿ ಜೀಪು ಕಾಣಿಸಿಕೊಂಡಿತು, ದಂಡಯಾತ್ರೆಗೆ ಹೊರಟ ರಾಜನ ಠೀವಿಯಲ್ಲಿ. ಅದೇ ಠೀವಿಯಲ್ಲಿ, ಅದೇ ವೇಗದಲ್ಲಿ ಇಳಿಯಿತು. ನಮ್ಮ ಬಳಿ ನಿಲ್ಲಿಸಲೆಂದು ಬ್ರೇಕ್ ಒತ್ತಿದ. ನಾಲ್ಕೂ ಚಕ್ರಗಳು ಒಗ್ಗಟ್ಟಿನಿಂದ ನಿಂತವು, ಜೀಪು ನಿಲ್ಲಲಿಲ್ಲ. ಕಿಟಕಿಯಿಂದ ನಮ್ಮನ್ನೇ ನೋಡುತ್ತ, ಬಾಯಿ ತೆರೆದುಕೊಂಡು, ನಮ್ಮನ್ನು ದಾಟಿ ಮೆಲ್ಲಗೆ ಸಾಗಿಹೋಗಿ ರಸ್ತೆ ಬದಿಯ ಚರಂಡಿಯಲ್ಲಿ ಒರಗಿದ.

ಓಡಿಹೋಗಿ ಬಾಗಿಲು ಎಳೆದೆವು. ಏನೂ ಆಗಿರಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

"ಎಳೆಯೋದ್ರಲ್ಲಿ ಇದನ್ನ ಮೀರಿಸೋ ಗಾಡಿ ಇಲ್ಲ ಭಾವ," ಎಂದ, ಚರಂಡಿಯಿಂದ ಹತ್ತುತ್ತ.

"ನಿಲ್ಲೋ ವಿಷಯ ಏನು?"

"ಅದು... ಎಲ್ಲರ ಗಾಡೀಲೂ ಇರೋ ಹಾಗೇ ಇದೆ."

ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ ಹೆಂಡತಿಯ ಮುಖ ನೋಡಿದ ಮೇಲೇ ಅದು ಇಳಿದದ್ದು. ಅವಳು ಡಿಕ್ಕಿಯ ಬಳಿ ನಿಂತು ವೆಲ್ವೆಟ್ಟಿನ ಮೇಲೆ ಕೈಯಿಟ್ಟುಕೊಂಡಿದ್ದಳು. "ಮಕ್ಕಳು ಬರೋ ಹೊತ್ತಾಯ್ತು," ಎಂದಳು, ಯಾರಿಗೂ ಅಲ್ಲ ಎಂಬಂತೆ. ಬೈದಿದ್ದರೆ ಚೆನ್ನಾಗಿತ್ತು.

ಅವಳಿಗಾಗಿ ಏನಾದರೂ ಮಾಡಲೇಬೇಕು. ನನ್ನ ಕಣ್ಣು ಭಾವಮೈದುನನ ಮೇಲೆ ಬಿತ್ತು. ಕಣ್ಣಳತೆಯಲ್ಲೇ ತೂಗಿದೆ. ಒಳ್ಳೆಯ ಭರ್ತಿ ತೂಕ.

"ನೀನೂ ಡಿಕ್ಕಿ ಹತ್ತು."

"ನಾನಾ?"

"ಹಿಂದೆ ಇನ್ನೂ ಸ್ವಲ್ಪ ಭಾರ ಬೇಕು. ನಾಚಿಕೊಳ್ಳಬೇಡ, ನಿನ್ನ ಹತ್ತಿರ ಇದೆ."

ಬಾಗಿಲು ಮೇಲೆತ್ತಿ, ಬಟ್ಟುಗಳ ನಡುವೆ, ಕಾಲು ಹೊರಗೆ ಬಿಟ್ಟುಕೊಂಡು ಕುಳಿತ. ನಾನು ಎಂಜಿನ್ ಚಾಲೂ ಮಾಡಿದೆ. ಮುಂದಿನ ಚಕ್ರಗಳು ನೆಲವನ್ನು ಮುಟ್ಟಿದವೋ ಮುದ್ದಿಸಿದವೋ ಹೇಳಲಾರೆ. ಸ್ಟಿಯರಿಂಗು ಗಾಳಿಯಲ್ಲಿ ಈಜಿದಂತೆ ಆಡಿತು. ಕಾರು ಹತ್ತು ಮಾರು ಹೋಗಿ, ಅರಚಿ, ಮಣ್ಣು ಚಿಮ್ಮಿಸಿ, ಮತ್ತೆ ನನ್ನವಳ ಕಾಲ ಬಳಿಗೇ ಬಂದು ನಿಂತಿತು.

ಅವಳು ನನ್ನ ಕಿಟಕಿಗೆ ಬಾಗಿದಳು. "ಸ್ಟಿಯರಿಂಗ್ ಕೈಗೆ ಹೇಗನ್ನಿಸ್ತು?"

"ಹೂವಿನಷ್ಟು ಹಗುರ."

"ಹಿಂದೆ ಹೇರಿದಷ್ಟೂ ಹೆಚ್ಚು ಹಗುರ ಆಯ್ತಾ?"

"ಹೌದು. ಅದೇ ವಿಚಿತ್ರ."

"ವಿಚಿತ್ರ ಏನಿಲ್ಲ. ಹೊಲಿಗೆ ಮಿಷನ್ನಲ್ಲಿ ಬಟ್ಟೆ ಎಳೆಯೋದು ಸೂಜಿ ಕೆಳಗಿರೋ ಹಲ್ಲು. ಪಾದ ಅಂತ ಒಂದಿರುತ್ತಲ್ಲ, ಅದು ಆ ಹಲ್ಲಿನ ಮೇಲೇ ಒತ್ತಿದ್ರೆ ಬಟ್ಟೆ ಸರಿಯುತ್ತೆ. ನೀವು ಹಲ್ಲು ಬಿಟ್ಟು ಮೇಜಿನ ಆ ತುದಿ ಮೇಲೆ ಕಬ್ಬಿಣ ಹೇರ್ತಿದ್ದೀರಿ, ಜೊತೆಗೆ ನನ್ನ ತಮ್ಮನ್ನೂ."

ಡಿಕ್ಕಿಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ಹಾಗಾದ್ರೆ ಭಾರ ಮುಂದೆ ಹಾಕೋಣ," ಎಂದೆ.

"ಪರದೆ ಮುಂದೆ ಹಿಡಿಸಲ್ಲ. ಏರಿನಲ್ಲಿ ಭಾರ ಕೆಳಗಡೆಗೇ ಒರಗುತ್ತೆ. ಎಳೆಯೋ ಚಕ್ರನೇ ಕೆಳಗಿರಲಿ. ಗಾಡಿ ತಿರುಗಿಸಿ, ರಿವರ್ಸಲ್ಲೇ ಹತ್ತೋಣ."

"ಈ ಗುಡ್ಡನಾ? ನಾಲ್ಕು ಜನ ನೋಡಿದ್ರೆ ಏನಂತಾರೆ?"

"ಪರದೆ ಬಂತು ಅಂತಾರೆ. ಇಳೀರಿ. ರಿವರ್ಸ್ ನಿಮ್ಮ ಕೈಗೆ ಬೇಡ, ನಮ್ಮ ಗೇಟಿನ ಕಂಬನ ಕೇಳಿದ್ರೂ ಹೇಳುತ್ತೆ."

ಇಳಿದೆ. ನನ್ನನ್ನು ಪಕ್ಕದ ಸೀಟಿಗೆ ಹಾಕಿದಳು. ಬಟ್ಟುಗಳನ್ನು ಡಿಕ್ಕಿಯಿಂದ ತೆಗೆದು ಕೆಲವನ್ನು ನನ್ನ ಕಾಲ ಬಳಿ, ಉಳಿದವನ್ನು ನನ್ನ ತೊಡೆಯ ಮೇಲೆ ಪೇರಿಸಿದಳು. ಇಷ್ಟು ವರ್ಷ ಮಾರಿದ ಸರಕು ಎಷ್ಟು ಭಾರವೆಂದು ನನಗೆ ತಿಳಿದದ್ದು ಅಂದೇ. ಭಾವಮೈದುನ ಪಕ್ಕದಲ್ಲಿ ಮೇಲಕ್ಕೆ ನಡೆಯುತ್ತ ಕೈ ಬೀಸಿದ: "ಬರ್ಲಿ, ಬರ್ಲಿ... ಅಕ್ಕಾ, ಸ್ವಲ್ಪ ಎಡಕ್ಕೆ... ಬರ್ಲಿ."

ಅವಳು ಕತ್ತು ಹಿಂದಕ್ಕೆ ತಿರುಗಿಸಿ, ಸೂಜಿಗೆ ದಾರ ಪೋಣಿಸುವವರ ಮುಖಭಾವದಲ್ಲಿ, ಅವಸರವಿಲ್ಲದೆ ಓಡಿಸಿದಳು. ಮುಂದಿನ ಚಕ್ರಗಳು ಒಮ್ಮೆ ಕೆರೆದವು, ಕಚ್ಚಿದವು, ಹತ್ತಿದವು. ಮೊದಲ ತಿರುವಿನ ಬೇಲಿ ದಾಟಿತು. ನಾನು ಮೊದಲ ಸಲ ಜಾರಿದ್ದ ಜಾಗವೂ ದಾಟಿತು. ಎದುರಿನ ಗಾಜಿನಲ್ಲಿ ನಮ್ಮ ಅಂಗಡಿ, ಚರಂಡಿಯ ಜೀಪು, ಇಡೀ ಊರು ಸಣ್ಣದಾಗುತ್ತ ಹೋದವು. ಎಲ್ಲಿಗೆ ಹೋಗುತ್ತಿದ್ದೇವೆಂದು ಕಾಣದಿದ್ದರೂ ಮೇಲಕ್ಕೆ ಹೋಗುತ್ತಿದ್ದೇವೆಂಬುದು ಸ್ಪಷ್ಟವಾಗಿತ್ತು. ತುಂತುರು ಕೂಡ ನಿಂತಿತ್ತು.

ಶಾಲೆಯ ಅಂಗಳದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಮಕ್ಕಳು ನಾವು ಹಿಂದೆ ಹಿಂದೆ ಬರುವುದನ್ನು ಕಂಡು ಚಪ್ಪಾಳೆ ತಟ್ಟಿದರು. ನಾಟಕದ ಮೊದಲ ದೃಶ್ಯ ಶುರುವಾಯಿತೆಂದೇ ತಿಳಿದಿರಬೇಕು. ಡಿಕ್ಕಿ ನೇರವಾಗಿ ಸಭಾಂಗಣದ ಬಾಗಿಲಿಗೇ ಬಂದು ನಿಂತಿತು. ಹೆಡ್‌ಮಿಸ್ಸು ಗಡಿಯಾರ ನೋಡಿಕೊಳ್ಳುತ್ತ ಹೊರಗೆ ಬಂದವರು ಗಡಿಯಾರವನ್ನು ಬಿಟ್ಟು ಕಾರನ್ನು ನೋಡಿದರು.

"ಸಾಮಾನು ತರೋರೆಲ್ಲ ಇಲ್ಲಿ ಬಂದು ಗಾಡಿ ತಿರುಗಿಸೋಕೇ ಒದ್ದಾಡ್ತಾರೆ. ನೀವು ಕೆಳಗೇ ಯೋಚನೆ ಮಾಡಿ ಬಂದಿದ್ದೀರಿ."

"ಯೋಚನೆ ಮಾಡದೆ ಕೆಲಸಕ್ಕೆ ಕೈ ಹಾಕೋದು ನಮ್ಮಲ್ಲಿ ಇಲ್ಲ ಮೇಡಂ," ಎಂದಳು ನನ್ನವಳು. ನನ್ನ ಕಡೆ ನೋಡಲಿಲ್ಲ. ಅಷ್ಟು ದಯೆ ತೋರಿಸಿದಳು.

ಪರದೆ ತೂಗಿತು. ಹಗ್ಗ ಎಳೆದಾಗ ಸುಕ್ಕಿಲ್ಲದೆ ಎರಡು ಪಾಲಾಗಿ ಸರಿದು, ಬಿಟ್ಟಾಗ ಸದ್ದಿಲ್ಲದೆ ಕೂಡಿಕೊಂಡಿತು. ಹೆಡ್‌ಮಿಸ್ಸು ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. "ಸಮವಸ್ತ್ರದ ಅಳತೆ ತಗೊಳ್ಳೋಕೆ ಸೋಮವಾರ ಬನ್ನಿ," ಎಂದರು. ನನ್ನವಳ ಮುಖ ನೋಡಬೇಕಿತ್ತು. ನಾನು ನೋಡಿದೆ, ಸೊಂಟ ಹಿಡಿದುಕೊಂಡು.

ಅವರು ಮುಂದುವರಿಸಿದರು. "ಒಬ್ಬರೇ ಮಾಡೋ ಕೆಲಸ ಅಲ್ಲ ಇದು. ಕೈಕೆಳಗೆ ಜನ ಇದ್ದಾರಾ?"

ಅವಳು ತಿರುಗಿ ನೋಡಿದಳು. ಮಂಡಿಯವರೆಗೆ ಚರಂಡಿಯ ಕೆಸರು ಹೊತ್ತ ಭಾವಮೈದುನ, ಅವನ ಪಕ್ಕದಲ್ಲಿ ವೆಲ್ವೆಟ್ಟಿನ ಎಳೆಗಳೆಲ್ಲ ಮೈಗಂಟಿದ, ತೊಡೆ ಮರಗಟ್ಟಿದ ನಾನು.

"ಇಬ್ಬರಿದ್ದಾರೆ ಮೇಡಂ," ಎಂದಳು. "ಹೊಸಬರು. ಭಾರ ಹೊರೋಕೆ ತೊಂದರೆ ಇಲ್ಲ, ಎಲ್ಲಿ ಇಡ್ಬೇಕು ಅಂತ ಮಾತ್ರ ನಾನು ಹೇಳ್ಬೇಕು."